ಸಕ್ಕರೆ ಆನೆಯ ಕ್ಷೇಮಸಮಾಚಾರ

೧೯ ಅಕ್ಟೋಬರ್ ೨೦೨೪, ಶನಿವಾರ
ಕುಷಾಯಿಗೂಡ

ರಾಮಕೃಷ್ಣ ಆರಾಮವೇ? ಶ್ರೀಲಕ್ಷ್ಮಿಯ ಸೊಂಟದ ನೋವು ಇಳಿಯಿತೇ? ನಿಶಾಂತನ ಕೆಮ್ಮು ನಿಂತಿತೇ? ಇವರ ಮೊಣಕಾಲು ಹೇಗಿದೆ?

ಎಲ್ಲರೂ ಇದೇ ಮನೆಯಲ್ಲಿದ್ದಾರೆ. ಮಗ ರಾಮಕೃಷ್ಣ ಪೇಪರು ಓದುತ್ತಿದ್ದಾನೆ, ಸೊಸೆ ಶ್ರೀಲಕ್ಷ್ಮಿ ಒಗ್ಗರಣೆ ಹಾಕುತ್ತಿದ್ದಾಳೆ, ಮೊಮ್ಮಗ ನಿಶಾಂತ ಸ್ನಾನಕ್ಕೆ ಹೋಗಿದ್ದಾನೆ. ಇವರಂತೂ ನನ್ನೆದುರಿಗೇ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಬಾಯಿ ತೆರೆದು ಕೇಳಿದರೆ ಆಯಿತು. ಆದರೆ ಪೆನ್ನು ಹಿಡಿದರೆ ಸಾಕು, ನನ್ನ ಕೈ ಮೊದಲು ಕ್ಷೇಮವನ್ನೇ ಕೇಳುತ್ತದೆ. ಅರವತ್ತು ವರ್ಷ ಬಂಧುಬಳಗಕ್ಕೆಲ್ಲ ಪತ್ರ ಬರೆದ ಕೈ ಇದು. ದಿನಚರಿ ಬರೆಯುವುದು ಇದೇ ಮೊದಲು. ನಿಶಾಂತ ತನ್ನ ಆಫೀಸಿನ ಡೈರಿ ಕೊಟ್ಟ. ಜನವರಿಯಿಂದ ಖಾಲಿ ಬಿದ್ದಿತ್ತು.

ಬರೆಯುವಂಥ ವಿಷಯ ಏನೆಂದರೆ, ನಿಶಾಂತನ ಮದುವೆ ಗೊತ್ತಾಗಿದೆ. ಹುಡುಗಿ ಲಹರಿ. ಇದೇ ಊರಿನ ಮೆಹದಿಪಟ್ಟಣಂನವರು, ತೆಲುಗಿನವರು. ನಮ್ಮಲ್ಲಿ ಮದುವೆ ಗೊತ್ತಾದ ಹುಡುಗಿಗೆ ಗೌರಿ ಹುಣ್ಣಿಮೆಯ ದಿನ ಗಂಡಿನ ಮನೆಯಿಂದ ಸೀರೆ, ಹೂವು, ಸಕ್ಕರೆ ಆರತಿ ಹೋಗಬೇಕು. ಸಕ್ಕರೆ ಪಾಕವನ್ನು ಮರದ ಅಚ್ಚಿಗೆ ಹೊಯ್ದು ಮಾಡುವ ಬೆಳ್ಳನೆಯ ಗೊಂಬೆಗಳು. ದಸರೆಯ ದಿನ ನಿಶ್ಚಿತಾರ್ಥದಲ್ಲಿ ಬೀಗರ ಮುಂದೆ ನಾನೇ ಹೇಳಿಬಿಟ್ಟೆ, "ಸಕ್ಕರೆ ಆರತಿ ಅಂಗಡಿಯದಲ್ಲ, ನಾನೇ ಕೈಯಾರೆ ಮಾಡಿ ತರುತ್ತೇನೆ" ಎಂದು. ನಲವತ್ತು ಜನರ ಮುಂದೆ.

ಶ್ರೀಲಕ್ಷ್ಮಿ ಮನೆಗೆ ಬಂದ ಮೇಲೆ ಮೆಲ್ಲಗೆ ಅಂದಳು, "ಅತ್ಯಾರ, ಬೇಗಂ ಬಜಾರದಾಗ ದೀಪಾವಳಿಗೆ ಸಕ್ಕರಿ ಆಟಿಗಿ ಸಿಗ್ತಾವ. ಅವನ್ನ ತಂದ್ರ ನಡಿಯೂದಿಲ್ಲೇನ್ರಿ?"

"ನಡಿಯೂದಿಲ್ಲ" ಅಂದೆ. ನಮ್ಮ ಅಜ್ಜಿಯ ಅಚ್ಚುಗಳು ನನ್ನ ಹತ್ತಿರ ಇವೆ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಬಾಗಲಕೋಟೆಯಲ್ಲಿ ಗುಂಡಮ್ಮನ ಸಕ್ಕರೆ ಆರತಿ ಎಂದರೆ ಮೂರು ಓಣಿಯವರು ಬಂದು ನೋಡುತ್ತಿದ್ದರು. ಹಿನ್ನೀರಿಗೆ ಊರು ಮುಳುಗುವ ಮುಂಚೆ ತವರುಮನೆ ಖಾಲಿ ಮಾಡಿದಾಗ ಅಚ್ಚುಗಳು ಅಟ್ಟದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿದ್ದವು. ನಾನು ತಂದುಕೊಂಡೆ. ಹಿರಿಯಳು ನಾನು. ಹುಣ್ಣಿಮೆ ನವೆಂಬರ್ ಹದಿನೈದಕ್ಕೆ. ಬೇಕಾದಷ್ಟು ದಿನ ಇವೆ.

೨೨ ಅಕ್ಟೋಬರ್, ಮಂಗಳವಾರ

ದಿವಾನದ ಅಡಿಯಿಂದ ಗಂಟು ಹೊರಗೆ ತೆಗೆದೆ. ಆಯಿಯ ಹಳೆಯ ಇಲಕಲ್ ಸೀರೆಯಲ್ಲಿ ಕಟ್ಟಿದ ಗಂಟು. ಆರು ಜೋಡಿ ಅಚ್ಚು: ಗೌರಿ, ಆನೆ, ಗಿಳಿ, ಕುದುರೆ, ಕಳಸ, ಬಾಳೆಗೊನೆ. ಒಂದೊಂದೂ ಎರಡು ಹೋಳು. ಎರಡನ್ನೂ ಕೂಡಿಸಿ ದಾರದಿಂದ ಬಿಗಿದು, ತಲೆಕೆಳಗು ಮಾಡಿ ಬುಡದ ತೂತಿನಿಂದ ಪಾಕ ಹೊಯ್ಯಬೇಕು. ಹತ್ತೊಂಬತ್ತು ವರ್ಷ ಗಂಟು ಬಿಚ್ಚಿರಲಿಲ್ಲ. ಮರ ಒಣಗಿ ಹಗುರಾಗಿತ್ತು.

ಅಂಟಿಕೊಳ್ಳಬಾರದೆಂದು ಒಳಗೆಲ್ಲ ಚೆನ್ನಾಗಿ ಎಣ್ಣೆ ಸವರಿದೆ. ಪಾಕ ಮಾಡಿ ಹೊಯ್ದೆ. ಬಿಚ್ಚಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿದಿತ್ತು. ಗೊಂಬೆ ಬಿಳಿಯಾಗಿರಲಿಲ್ಲ, ಹಳದಿ ಗಾಜಿನಂತಿತ್ತು, ಎಣ್ಣೆಯ ವಾಸನೆ ಬೇರೆ.

ನಿಶಾಂತ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಅಜ್ಜಿ, ಇದು ಆನಿ ಅಲ್ಲ. ಹಂದಿ ಆಗೇತಿ."

"ಸೊಂಡಿಲು ಒಂದು ಬಂದಿದ್ರ ಆನಿನ ಇತ್ತು."

"ಲಹರಿಗೆ ಹಂದಿ ಕೊಟ್ರ ನನ್ನ ಲಗ್ನ ಕ್ಯಾನ್ಸಲ್" ಎಂದು ಅದನ್ನು ಬಾಯಿಗೆ ಹಾಕಿಕೊಂಡು ಹೋದ. ಇವರಂತೂ ಸಕ್ಕರೆ ಕಾಯಿಲೆಯವರು, ಎರಡು ತುಣುಕು ಕದ್ದು ತಿಂದರು. ನಾನು ನೋಡಿದೆ. ನೋಡದವಳಂತೆ ಇದ್ದೆ.

೨೫ ಅಕ್ಟೋಬರ್, ಶುಕ್ರವಾರ

ಮೂರು ಸಲ ಮಾಡಿದೆ. ಒಮ್ಮೆ ಪಾಕ ಕಂದಿತು, ಒಮ್ಮೆ ಬೋಗುಣಿಯಲ್ಲೇ ಕಲ್ಲಾಯಿತು, ಒಮ್ಮೆ ಎರಡು ದಿನವಾದರೂ ಗಟ್ಟಿಯಾಗಲಿಲ್ಲ. ನಿಶಾಂತ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಅದರಲ್ಲಿನ ಹೆಂಗಸು ಪಾಕವನ್ನು ಬೋಗುಣಿಯ ಮಗ್ಗುಲಿಗೆ ತಿಕ್ಕಿದಳು, ಹೊಯ್ದಳು, ಆಯಿತು. ಎಷ್ಟು ತಿಕ್ಕಬೇಕು, ಯಾವಾಗ ನಿಲ್ಲಿಸಬೇಕು, ಏನೂ ತಿಳಿಯಲಿಲ್ಲ. ನನ್ನ ಕಿವಿಗೆ ಅವಳ ಮಾತೂ ಕೇಳಿಸದು.

ಆದರೆ ಆ ತಿಕ್ಕುವುದನ್ನು ಕಂಡ ಕೂಡಲೇ ಆಯಿಯ ಅಡುಗೆಮನೆಯ ಸದ್ದು ಕಿವಿಯಲ್ಲಿ ಬಂತು. ಸರ್... ಸರ್... ಸರ್. ಕಿವಿಯ ಮಷೀನು ಹಾಕದೆ ಕೇಳಿತು ಅದು! ಒಲೆಯ ಮುಂದೆ ಆಯಿ, ಅವಳ ಪಕ್ಕ ತಂಗಿ ಗಂಗೂ. ನಾನು ದೂರ ಬಾಗಿಲ ಹತ್ತಿರ, ಅಚ್ಚುಗಳಿಗೆ ದಾರ ಕಟ್ಟುತ್ತ. ನನ್ನ ಕೆಲಸ ಅದೇ. ದಾರ ಕಟ್ಟುವುದು, ಪತ್ರ ಬರೆಯುವುದು.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಸೊಲ್ಲಾಪುರದ ಮಗನಿಗೆ, ಹುಬ್ಬಳ್ಳಿಯ ಮಗಳಿಗೆ ಅವಳು ಹೇಳಿ ಬರೆಸುತ್ತಿದ್ದಳು. ಕಾಗುಣಿತ ತಪ್ಪಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೆಸರು ಬಿಟ್ಟರೆ ಮಾತ್ರ ಗೊತ್ತಾಗುತ್ತಿತ್ತು. "ಓದಿ ಹೇಳು" ಎನ್ನುವಳು. "ಸಣ್ಣ ಸೊಸಿ ಹೆಸರು ಎಲ್ಲೈತಿ? ಒಬ್ಬರ ಹೆಸರು ಬಿಟ್ರೂ ಅವರು ಆ ದಿನ ಊಟ ಬಿಡ್ತಾರ, ಹುಚ್ಚಿ." ಮತ್ತೆ ಮೊದಲಿಂದ ಬರೆಸುವಳು. ಹಾಗೆ ಬರೆದು ಬರೆದೇ ನನ್ನ ಅಕ್ಷರ ನೆಟ್ಟಗಾದದ್ದು.

ಇನ್ನೊಂದು ನೆನಪಾಯಿತು. ಹುಣ್ಣಿಮೆಯ ಹಿಂದಿನ ದಿನ ಓಣಿಯ ಮಕ್ಕಳು ಹೊಸ್ತಿಲ ಮೇಲೆ ಸಾಲಾಗಿ ಕೂಡುತ್ತಿದ್ದವು. ಆರತಿಗೆ ಇಡಲು ಬಾರದ ಮುರುಕು ಗೊಂಬೆ ಮಕ್ಕಳಿಗೆ ಎಂಬುದು ನಿಯಮ. ಮುರುಕು ಮುಗಿದು ಯಾವುದಾದರೂ ಮಗು ಉಳಿದುಬಿಟ್ಟರೆ ಆಯಿ ಒಳ್ಳೆಯ ಕುದುರೆಯೊಂದನ್ನು ಎತ್ತಿ, ಸೆರಗಿನ ಮರೆಯಲ್ಲಿ ಟಕ್ಕನೆ ಕಾಲು ಮುರಿದು, "ಅಯ್ಯ, ಇದರ ಕಾಲು ಹೋತಲ್ಲೋ ಯಪ್ಪಾ, ಇನ್ನೇನು ಮಾಡೂದು, ತಿಂದುಬಿಡು" ಎನ್ನುತ್ತಿದ್ದಳು. ಎಂಥ ನಟನೆ! ಅಂಥ ಹೆಂಗಸಿನ ಕೈಯಲ್ಲಿ ಬೆಳೆದೆ. ಪುಣ್ಯ ನನ್ನದು.

ಪಾಕದ ಕೈ ಗೊತ್ತಿರುವವಳು ಈಗ ಗಂಗೂ ಒಬ್ಬಳೇ. ಬಾಗಲಕೋಟೆಯ ನವನಗರದಲ್ಲಿದ್ದಾಳೆ. ನಮ್ಮಿಬ್ಬರಿಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ. ಅಚ್ಚು ನನ್ನಲ್ಲಿವೆ ಎಂದು ತಿಳಿದಾಗ ಅವಳು ಫೋನಿನಲ್ಲಿ ಅಂದದ್ದು ಒಂದೇ ಮಾತು: "ಅಚ್ಚು ಒಯ್ದಿ. ಕೈ ಹೆಂಗ ಒಯ್ಯಾಕಿ?" ಆಮೇಲೆ ಫೋನು ಎತ್ತಲಿಲ್ಲ. ನನ್ನ ಸೊಕ್ಕೂ ಕಡಿಮೆಯದಲ್ಲ.

ಇಂದು ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿಸಿದೆ. ಮೂರೇ ಸಾಲು. ನಿಶಾಂತನ ಮದುವೆ ಗೊತ್ತಾಗಿದೆ, ಸಕ್ಕರೆ ಆರತಿ ಮಾಡಬೇಕಾಗಿದೆ, ಪಾಕ ಹೇಗೆಂದು ಕೂಡಲೇ ಬರೆದು ತಿಳಿಸುವುದು. ಕೇಳಿದ್ದೇ ಹೆಚ್ಚು.

೩೦ ಅಕ್ಟೋಬರ್, ಬುಧವಾರ

ಅಂಚೆಯವನು ಬಂದ. ವಿದ್ಯುತ್ ಬಿಲ್ಲು.

೪ ನವೆಂಬರ್, ಸೋಮವಾರ

ಹಬ್ಬ ಆಯಿತು. ಇಂದು ಗಂಗೂನ ಪತ್ರ ಬಂತು. ಕವರಿನ ಮೇಲೆ ನನ್ನ ಹೆಸರಿಲ್ಲ, ಇವರ ಹೆಸರು: ಶ್ರೀ ದತ್ತಾತ್ರೇಯರಿಗೆ. ಇವರೇ ಒಡೆದು ಜೋರಾಗಿ ಓದಿದರು. ಆಮೇಲೆ ನಾನು ಕಸಿದುಕೊಂಡು ಓದಿದೆ. ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಬರೆದಿಡುತ್ತೇನೆ.

"ಮಾಮಾ, ನೀವು ಆರಾಮ ಇದ್ದೀರಾ? ಮೊಣಕಾಲು ಹೇಗಿದೆ? ರಾಮಕೃಷ್ಣ ಆರಾಮವೇ? ಶ್ರೀಲಕ್ಷ್ಮಿ ಆರಾಮವೇ? ನಿಶಾಂತ ಹೇಗಿದ್ದಾನೆ? ಅವನನ್ನು ಒಂಬತ್ತು ವರ್ಷದವನಿದ್ದಾಗ ನೋಡಿದ್ದು. ಲಗ್ನ ಗೊತ್ತಾದದ್ದು ಕೇಳಿ ಸಂತೋಷವಾಯಿತು. ಆನೆ ಹೇಗಿದೆ? ಎಡಗಿವಿಯ ಹತ್ತಿರ ಸಣ್ಣ ಬಿರುಕಿತ್ತು, ಹೆಚ್ಚಾಗಿಲ್ಲವಷ್ಟೇ? ಗಿಳಿ ಹೇಗಿದೆ? ಗೌರಿಯ ಮೂಗು ಸವೆದಿತ್ತು. ಕುದುರೆ, ಕಳಸ, ಬಾಳೆಗೊನೆ ಕ್ಷೇಮವೇ? ನಾನು ಕ್ಷೇಮ. ಗಂಗೂಬಾಯಿ."

ಪಾಕದ ಸುದ್ದಿ ಇಲ್ಲ. ಕಟ್ಟಿಗೆಯ ಗಿಳಿಯನ್ನೂ ಹೆಸರು ಹಿಡಿದು ಕೇಳಿದ್ದಾಳೆ. ಮೂರು ಸಲ ಓದಿದೆ. ಉಮಾ ಎಂಬ ನನ್ನ ಹೆಸರಿನ ಎರಡು ಅಕ್ಷರ ಎಲ್ಲೂ ಇಲ್ಲ.

"ನಿನ್ನ ತಂಗಿ ಭಾರಿ ಹುಷಾರು" ಎಂದು ಇವರು ನಕ್ಕರು.

"ನಗೂದೇನೈತ್ರಿ ಇದರಾಗ?"

"ನೀ ಬರದ ಪತ್ರದಾಗ ಆಕಿ ಕ್ಷೇಮ ಕೇಳಿದ್ದೇನು?"

ಮಧ್ಯಾಹ್ನ ಊಟ ಸೇರಲಿಲ್ಲ.

೬ ನವೆಂಬರ್, ಬುಧವಾರ

ಒಂದು ವಿಷಯ ಬರೆಯಬೇಕು. ಇಲ್ಲಿ ಬರೆಯದಿದ್ದರೆ ಎಲ್ಲೂ ಬರೆಯುವುದಿಲ್ಲ.

ಅಚ್ಚುಗಳು ಯಾರಿಗೂ ಬೇಡವಾಗಿ ಬಿದ್ದಿರಲಿಲ್ಲ. ಆಯಿ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಕರೆದಳು. ಗಂಟನ್ನು ಗಂಗೂನ ಮಡಿಲಲ್ಲಿ ಇಟ್ಟಳು. ನನ್ನ ಮುಖ ನೋಡಿ, "ಉಮಾ, ನಿನಗ ಕೊಡೂದು ಯಾವಾಗೋ ಕೊಟ್ಟಾಗೇತಿ" ಅಂದಳು. ನನಗೆ ಬಳೆಯಿಲ್ಲ, ಬಟ್ಟಲಿಲ್ಲ, ಏನು ಕೊಟ್ಟಿದ್ದಾಳೆ ಇವಳು ಎಂದು ಒಳಗೊಳಗೇ ಉರಿದೆ. ಆ ಉರಿ ಇಪ್ಪತ್ತಾರು ವರ್ಷ ಆರಲಿಲ್ಲ. ಮನೆ ಖಾಲಿ ಮಾಡುವ ದಿನ ಗಂಗೂ ಒಳಗೆ ಇಪ್ಪತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಗಂಟನ್ನು ತವರಿನ ಅಟ್ಟದಲ್ಲೇ ಇಟ್ಟಿದ್ದಳು. ನಾನು ಅಟ್ಟ ಹತ್ತಿದೆ. ಗಂಟನ್ನು ಕೌದಿಯಲ್ಲಿ ಸುತ್ತಿ ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ಆ ರೊಟ್ಟಿಯನ್ನೇ ಕಟ್ಟಿಸಿಕೊಂಡು ಗಾಡಿ ಹತ್ತಿದೆ.

ಈಗ ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಬೆರಳಿಗೆಲ್ಲ ಶಾಯಿ ಹತ್ತಿದೆ. ಸೋಪಿಗೂ ಹೋಗುತ್ತಿಲ್ಲ. ಆಯಿ ಇದ್ದಿದ್ದರೆ ನನ್ನ ಬೆರಳು ನೋಡಿ ನಗುತ್ತಿದ್ದಳು. ಚಿಕ್ಕಂದಿನಲ್ಲಿ ಪತ್ರ ಬರೆಸುವಾಗ ಹೀಗೇ ನಗುತ್ತಿದ್ದಳು. ಕೊಟ್ಟಾಗೇತಿ ಅಂದದ್ದು ಇದನ್ನೇ ಏನೋ.

೮ ನವೆಂಬರ್, ಶುಕ್ರವಾರ

ನಿಶಾಂತನಿಗೆ ಗಂಟು ಕೊಟ್ಟು ಬಾಗಲಕೋಟೆಗೆ ಕಳಿಸಿದೆ. ಸಂಜೆಯ ಬಸ್ಸು. "ಕೊಟ್ಟು ಬಂದುಬಿಡು. ಏನೂ ಕೇಳಬ್ಯಾಡ" ಅಂದೆ.

"ಮತ್ತ ಹುಣ್ಣಿಮಿಗೆ ಏನು ಮಾಡ್ತಿ ಅಜ್ಜಿ? ನಲವತ್ತು ಮಂದಿ ಮುಂದ ಭಾಷಣ ಮಾಡಿದ್ದಿ."

"ಬೇಗಂ ಬಜಾರದ್ದು ಒಯ್ಯೂಣು."

ಶ್ರೀಲಕ್ಷ್ಮಿ ನನಗೆ ಒಂದು ಲೋಟ ಚಹಾ ತಂದುಕೊಟ್ಟಳು, ಶುಂಠಿ ಹಾಕಿ. ಕೇಳಿರಲಿಲ್ಲ ನಾನು. ಒಳ್ಳೆಯ ಹುಡುಗಿ. ಇದನ್ನು ಬಾಯಿಬಿಟ್ಟು ಅವಳಿಗೆ ಯಾವತ್ತೂ ಹೇಳಿಲ್ಲ.

೧೧ ನವೆಂಬರ್, ಸೋಮವಾರ

ಬೆಳಿಗ್ಗೆ ನಿಶಾಂತ ಬಂದ. ಬಲಗೈಯ ಎರಡು ಬೆರಳಿಗೆ ಬೊಬ್ಬೆ. ಎಡಗೈಯಲ್ಲಿ ಅದೇ ಗಂಟು!

"ಯಾಕೋ? ತಗೊಳ್ಳಲಿಲ್ಲೇನು?"

"ತಗೊಂಡ್ರು. ಬಿಚ್ಚಿ ಒಂದೊಂದನ್ನೂ ತೊಳದ್ರು. ಆನಿ ನೋಡಿ ಕೇಳಿದ್ರು, ಇದಕ್ಕ ಎಣ್ಣಿ ಯಾರು ಹಚ್ಚಿದ್ದು? ನಿಮ್ಮಜ್ಜಿ? ಇವೇನು ಪಡ್ಡಿನ ಹಂಚೇನು?"

ನನ್ನ ಮುಖ ಕಂಡು ಅವನಿಗೆ ನಗು ತಡೆಯಲಾಗಲಿಲ್ಲ. ಎಣ್ಣೆ ಅಲ್ಲವಂತೆ, ನೀರು. ಇಡೀ ರಾತ್ರಿ ಅಚ್ಚು ನೀರಿನಲ್ಲಿ ನೆನೆಯಬೇಕು, ಮರ ನೀರು ಕುಡಿದಿದ್ದರೆ ಪಾಕ ತಾನಾಗಿ ಬಿಡುತ್ತದೆ. ಆ ನೆನೆದ ಮರವನ್ನೇ ಅಲ್ಲವೇ ನಾನು ಚಿಕ್ಕಂದಿನಲ್ಲಿ ಒರೆಸಿ ದಾರ ಕಟ್ಟುತ್ತಿದ್ದದ್ದು? ಕೈ ಒದ್ದೆಯಾಗುತ್ತಿತ್ತು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಗಂಗೂ ಅವನ ಕೈ ಹಿಡಿದು ನೋಡಿ, "ಇದು ಲ್ಯಾಪ್‌ಟಾಪಿನ ಕೈ. ಆದ್ರೂ ಬರತೈತಿ, ಕೂಡು" ಅಂದಳಂತೆ. ಅವಳ ಮಗ ಪ್ರಜ್ವಲ, ಮೊಮ್ಮಗಳು ಸಿಂಚನಾ ಸುತ್ತ ನಿಂತು ತಮಾಷೆ ನೋಡಿದರಂತೆ. ಶನಿವಾರ, ಭಾನುವಾರ ಎರಡೂ ದಿನ ಒಲೆಯ ಮುಂದೆ ಕೂರಿಸಿದ್ದಾಳೆ. ನಾಲ್ಕು ಕಿಲೋ ಸಕ್ಕರೆ ಕೆಡಿಸಿದ ಮೇಲೆ ಒಂದು ಕುದುರೆ ನೆಟ್ಟಗೆ ಬಂತಂತೆ.

"ಗಂಡುಮಗಗ ಸಕ್ಕರಿ ಗೊಂಬಿ ಕಲಿಸಿದಳೇನು?" ಎಂದು ಇವರು ಬೆರಗಾದರು.

"ತಾತಾ, ಅದನ್ನೂ ಕೇಳಿದೆ. ಯಾರ ಕೈ ಸಿಗತೈತಿ ಅವರಿಗೆ ಕಲಸೂದು, ಗಂಡು ಹೆಣ್ಣು ನೋಡಕೋತ ಕುಂತ್ರ ಪಾಕ ಕಲ್ಲಾಗತೈತಿ ಅಂದ್ರು."

ಅಚ್ಚುಗಳನ್ನು ಹುಣ್ಣಿಮೆಯ ಮಟ್ಟಿಗೆ ಕೊಟ್ಟಿದ್ದಾಳೆ. ಹುಣ್ಣಿಮೆ ಆದ ಮೇಲೆ ತಿರುಗಿ ತಲುಪಿಸಬೇಕು.

ಕೊನೆಗೆ ತಡೆಯಲಾರದೆ ಕೇಳಿದೆ, "ನನ್ನ ಸುದ್ದಿ ಏನರೆ ತಗದಳೇನು?"

"ಊಟಕ್ಕ ಕುಂತಾಗ ಒಮ್ಮೆ ಕೇಳಿದ್ರು. ಅಕ್ಕಗ ಕಿವಿ ಎಷ್ಟು ಕೇಳಸ್ತೈತಿ ಅಂತ. ಜೋರಾಗಿ ಅಂದ್ರ ಕೇಳಸ್ತೈತಿ ಅಂದೆ."

"ಅದಕ್ಕ?"

"ಮೊದಲಿಂದ್ಲೂ ಹಂಗ ಐತಿ ಬಿಡು, ಅಂದ್ರು."

ಎಷ್ಟು ಹೊತ್ತು ನಕ್ಕೆನೋ. ಶ್ರೀಲಕ್ಷ್ಮಿ ಹೆದರಿ ಒಳಗಿನಿಂದ ಓಡಿ ಬಂದಳು. ಅಕ್ಕ ಅಂದಿದ್ದಾಳೆ!

೧೪ ನವೆಂಬರ್, ಗುರುವಾರ

ನಿಶಾಂತ ಆಫೀಸಿಗೆ ರಜೆ ಹಾಕಿದ. ಅಚ್ಚುಗಳು ನಿನ್ನೆ ರಾತ್ರಿಯಿಂದ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಶ್ರೀಲಕ್ಷ್ಮಿ ಪಾಕಕ್ಕೆ ಹಾಲು ಹನಿಸಿ ಕೊಳೆ ತೆಗೆದಳು, ಬಟ್ಟೆಯಲ್ಲಿ ಸೋಸಿದಳು. ಅವನು ಬೋಗುಣಿಯ ಮಗ್ಗುಲಿಗೆ ಸೌಟಿನಿಂದ ತಿಕ್ಕಿದ. ಗಾಜಿನಂತಿದ್ದದ್ದು ನೋಡನೋಡುತ್ತ ಹಾಲಿನ ಬಣ್ಣಕ್ಕೆ ತಿರುಗಿತು. ಆ ಕ್ಷಣವೇ ಹೊಯ್ಯಬೇಕು, ಎರಡು ರೆಪ್ಪೆ ಬಡಿದರೆ ತಡವಾಯಿತು.

ನಾನು ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕುಳಿತೆ. ಒರೆಸಿ, ಜೋಡಿಸಿ, ದಾರ ಬಿಗಿದು ಕೊಡುವುದು. ಎಪ್ಪತ್ತೆರಡು ವರ್ಷದ ಬೆರಳು, ಒಂದು ಗಂಟೂ ಸಡಿಲಾಗಲಿಲ್ಲ.

"ಅತ್ಯಾರ, ನೀವು ಕಟ್ಟಿದ ದಾರ ಬಿಚ್ಚಾಕ ಕತ್ತರಿನ ಬೇಕ್ರಿ" ಅಂದಳು ಶ್ರೀಲಕ್ಷ್ಮಿ. ದಾರ ಬಿಗಿ ಇಲ್ಲದಿದ್ದರೆ ಪಾಕ ಸೋರಿ ಗೊಂಬೆಗೆ ಅಂಚು ಬರುತ್ತದೆ ಎಂದೆ. ಇದು ನನಗೆ ಗೊತ್ತಿತ್ತು. ಇಷ್ಟಾದರೂ ಗೊತ್ತಿತ್ತು.

ಇಪ್ಪತ್ತೆರಡು ಗೊಂಬೆ. ಹಾಲಿನಷ್ಟು ಬಿಳಿ. ಆನೆಗೆ ಸೊಂಡಿಲಿದೆ.

೧೫ ನವೆಂಬರ್, ಶುಕ್ರವಾರ, ಗೌರಿ ಹುಣ್ಣಿಮೆ

ಮೆಹದಿಪಟ್ಟಣಂ ಮುಟ್ಟಲು ಎರಡು ತಾಸು. ಟ್ರಾಫಿಕ್ಕಿನಲ್ಲಿ ಪೂರ್ತಿ ಹೊತ್ತು ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಒಂದು ಗಿಳಿಯ ಕೊಕ್ಕು ಹೋಯಿತು, ಅಷ್ಟೆ.

ಲಹರಿ ಬಾಗಿಲಿಗೇ ಬಂದಳು. ಗೊಂಬೆಗಳನ್ನು ಕಂಡು ಕಣ್ಣರಳಿಸಿ, "ನಾನಮ್ಮಾ, ಇವಿ ತಿನಡಾನಿಕಾ, ಪೂಜಕಾ?" ಎಂದು ಕೇಳಿದಳು. ಅಜ್ಜಿ, ಇವು ತಿನ್ನುವುದಕ್ಕೋ ಪೂಜೆಗೋ ಎಂದು. ಮೊದಲು ಪೂಜೆ, ಆಮೇಲೆ ತಿನ್ನುವುದು, ಕೊಕ್ಕಿಲ್ಲದ ಗಿಳಿಯನ್ನು ಈಗಲೇ ತಿನ್ನಬಹುದು ಎಂದೆ. ಕೂಡಲೇ ತಿಂದಳು. ನನಗೆ ಹಿಡಿಸಿದಳು.

ಅವಳ ತಾಯಿ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದರು. "ಅಬ್ಬಾಯಿ ವಾಳ್ಳ ನಾನಮ್ಮ ಸ್ವಂತ ಚೇತುಲತೋ ಚೇಶಾರು" ಎಂದು ಎಲ್ಲರಿಗೂ ಹೇಳತೊಡಗಿದರು, ಹುಡುಗನ ಅಜ್ಜಿಯೇ ಸ್ವಂತ ಕೈಯಿಂದ ಮಾಡಿದ್ದು ಎಂದು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದರೂ ನಡೆಯುತ್ತಿತ್ತು.

ನನಗೆ ಬರುವ ತೆಲುಗಿನಲ್ಲಿ ಹೇಳಿದೆ: ನಾನು ಮಾಡಲಿಲ್ಲ, ನಿಶಾಂತ ಮಾಡಿದ. ಕಲಿಸಿದವಳು ಊರಲ್ಲಿರುವ ನನ್ನ ತಂಗಿ ಗಂಗೂಬಾಯಿ. ಅಚ್ಚುಲು ಮಾ ಚೆಲ್ಲೆಲಿವಿ. ಅಚ್ಚುಗಳು ನನ್ನ ತಂಗಿಯವು.

ಹುಡುಗ ಮಾಡಿದ್ದೇ ಎಂದು ಹೆಂಗಸರೆಲ್ಲ ಅವನನ್ನು ಮುತ್ತಿಕೊಂಡರು. ಲಹರಿ ಅವನ ಬೊಬ್ಬೆ ನೋಡುತ್ತಿದ್ದಳು. ನನ್ನನ್ನು ಯಾರೂ ಮತ್ತೇನೂ ಕೇಳಲಿಲ್ಲ. ಊಟ ರುಚಿಯಾಗಿತ್ತು. ಗೋಂಗೂರ ಪಚ್ಚಡಿ ಎರಡು ಸಲ ಹಾಕಿಸಿಕೊಂಡೆ. ಚಂದ್ರ ಚೆನ್ನಾಗಿ ಕಾಣುತ್ತಿದ್ದ.

೧೭ ನವೆಂಬರ್, ಭಾನುವಾರ

ಗಂಗೂಗೆ ಪತ್ರ ಬರೆದೆ. ನಾಳೆ ಪೋಸ್ಟು. ಪ್ರತಿ ಇಲ್ಲಿ ಇರಲಿ.

"ಚಿ. ಸೌ. ಗಂಗೂಗೆ ಉಮಕ್ಕನ ಆಶೀರ್ವಾದ.

ಗಂಗೂ, ನೀನು ಆರಾಮ ಇದ್ದೀಯಾ? ರಾತ್ರಿ ನಿದ್ದೆ ಬರುತ್ತದೆಯೇ? ಪ್ರಜ್ವಲ ಹೇಗಿದ್ದಾನೆ? ಸಿಂಚನಾ ಎಷ್ಟನೆಯ ಇಯತ್ತೆ? ಹೋದ ಪತ್ರದಲ್ಲಿ ಇದನ್ನು ಕೇಳಲಿಲ್ಲ.

ಆನೆ ಕ್ಷೇಮ. ಬಿರುಕು ಹೆಚ್ಚಾಗಿಲ್ಲ. ಗಿಳಿ, ಕುದುರೆ, ಕಳಸ, ಬಾಳೆಗೊನೆ ಎಲ್ಲ ಕ್ಷೇಮ. ಗೌರಿಯ ಮೂಗು ಇನ್ನೂ ಸವೆದಿದೆ. ಇಪ್ಪತ್ತೆರಡು ಗೊಂಬೆ ಬಂದವು. ನಿಶಾಂತನ ಕೈಯಲ್ಲಿ ನಿನ್ನ ಕೈ ಕಂಡೆ, ನಿನ್ನ ಕೈಯಲ್ಲಿ ಆಯಿಯದು. ನಿನ್ನ ಉಪಕಾರ ದೊಡ್ಡದು.

ಮನೆ ಖಾಲಿ ಮಾಡಿದ ದಿನ ಅಟ್ಟದಿಂದ ಗಂಟು ತೆಗೆದು ನನ್ನ ಟ್ರಂಕಿನಲ್ಲಿ ಹಾಕಿಕೊಂಡೆ. ಅದು ನಿನ್ನದೆಂದು ಗೊತ್ತಿದ್ದೇ ಹಾಕಿಕೊಂಡೆ. ನೀನು ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ತಪ್ಪಾಯಿತು ಗಂಗೂ. ಹತ್ತೊಂಬತ್ತು ಹುಣ್ಣಿಮೆ ನಿನ್ನ ಮನೆಯಲ್ಲಿ ಆಯಿಯ ಆರತಿ ಆಗಲಿಲ್ಲ, ನನ್ನಿಂದ.

ಅಚ್ಚುಗಳನ್ನು ನಿಶಾಂತನ ಕೈಯಲ್ಲಿ ಕಳಿಸಬಹುದು, ಪಾರ್ಸೆಲ್ ಮಾಡಬಹುದು. ಇವರೂ ಅದನ್ನೇ ಹೇಳುತ್ತಾರೆ, ಈ ವಯಸ್ಸಿಗೆ ಅಷ್ಟು ದೂರದ ಬಸ್ಸು ಯಾಕೆ ಎಂದು. ಆದರೆ ಒಯ್ದವಳು ನಾನು, ನಾನೇ ತರಬೇಕು. ನಿನ್ನ ಬಾಗಿಲಿಗೆ ಬಂದು ನಿನ್ನ ಮಡಿಲಲ್ಲಿ ಇಡಬೇಕು. ಬರಲೇ?

ಫೋನು ಬೇಡ, ನನಗೆ ಕೇಳಿಸುವುದಿಲ್ಲ. ಬಾ ಅಂತ ಬರೆ. ಬೇಡ ಅನ್ನುವುದಿದ್ದರೆ ಅದನ್ನೂ ನನ್ನ ಹೆಸರಿಗೇ ಬರೆ. ಬೇಗ ಬರೆ."